ಸೋರುವ ನಳಕ್ಕೊಂದು ಕ್ಷೇಮಸಮಾಚಾರ

ಮನೆಯ ನಳ ಸೋರುತ್ತಿದೆ, ಮಾಲೀಕನಿಗೆ ಕಾಗದ ಬರೆಯಬೇಕು. ಮೊದಲ ಸಾಲಿನಲ್ಲಿ ಏನು ಬರೆಯುತ್ತೀರಿ, ಹೇಳಿ ನೋಡೋಣ? ನಳದ ಸುದ್ದಿ ಎಂದಿರೋ, ನಿಮಗೆ ಕಾಗದ ಬರೆಯಲು ಕಲಿಸಿದವರು ಯಾರೆಂದು ಕೇಳಬೇಕಾಗುತ್ತದೆ.

ಪುಣೆಯ ನಮ್ಮ ಕಟ್ಟಡದಲ್ಲಿ ಎದುರುಮನೆಯ ಹುಡುಗಿ ಹೊರದೇಶದ ಕೋರ್ಸಿಗಾಗಿ ಇಂಗ್ಲಿಷ್ ಪರೀಕ್ಷೆಗೆ ಕೂರುವವಳಿದ್ದಳು. ಹುಟ್ಟಿನಿಂದಲೇ ಅವಳ ಕೈಬೆರಳು ಅವಳ ಮಾತು ಕೇಳುವುದಿಲ್ಲ. ಅದಕ್ಕೇ ಪರೀಕ್ಷೆಯಲ್ಲಿ ಅವಳು ಹೇಳುವುದು, ಅಪರಿಚಿತರೊಬ್ಬರು ಟೈಪು ಮಾಡುವುದು. ಹೇಳಿದ್ದಕ್ಕಿಂತ ಒಂದು ಚುಕ್ಕಿಯೂ ಹೆಚ್ಚಿಗೆ ಹಾಕುವಂತಿಲ್ಲ. ಅಭ್ಯಾಸಕ್ಕೆ ತಾಯಿಯನ್ನು ಕೂರಿಸಿಕೊಂಡರೆ ಆಕೆ ಅರ್ಧ ಮಾತಿಗೇ ಪೂರ್ತಿ ಬರೆದುಬಿಡುತ್ತಿದ್ದಳು. ಹಾಗಾಗಿ ನನ್ನ ಪಾಳಿ ಬಂತು. ಮೂವತ್ತು ವರ್ಷ ಆಫೀಸಿನಲ್ಲಿ ಇಂಗ್ಲಿಷ್ ಕಾಗದ ಓದಿದ ತಲೆ ನನ್ನದು. ಫೋನಿನ ಮೇಲೆ ಬೆರಳು ಮಾತ್ರ ಇನ್ನೂ ಬಾಲವಾಡಿ.

ಮೊದಲ ದಿನದ ಅಭ್ಯಾಸದ ಪ್ರಶ್ನೆಯೇ ಆ ನಳದ ಕಾಗದ. ಅವಳು ಹೇಳಿದಳು, ನಾನು ಫೋನಿನಲ್ಲಿ ಕುಟ್ಟಿದೆ. ಆಮೇಲೆ ಫೋನೇ ಅದನ್ನು ಗಟ್ಟಿಯಾಗಿ ಓದಿತು: ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ತಾಯಿಯವರ ಮೊಣಕಾಲು ಈಗ ಹೇಗಿದೆ?

"ಅಜ್ಜಿ, ಮಾಲಕನ ಅವ್ವನ ಮೊಣಕಾಲು ಎಲ್ಲಿಂದ ಬಂತ್ರಿ?"

"ಕ್ಷೇಮ ಕೇಳದ ಹೆಂಗ ಬರೀಲಿ, ಕೂಸ?"

"ನಾ ಹೇಳಿದ್ದು ನಳ ಸೋರಲಿಕತ್ತದ ಅಂತ."

"ಅದನ್ನೂ ಬರದೀನಲ್ಲ. ಕಡೀಗೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳ ನಗು ಮೊದಲು ನಿಂತಿತು.

"ನಾ ಒಂದರೆ ಫುಲ್‌ಸ್ಟಾಪ್ ಹೇಳೀನೇನ್ರಿ? ಎಲ್ಲಾ ನೀವ ಹಾಕೀರಿ. ನೀವು ಚಂದ ಮಾಡಿದಷ್ಟೂ ನನ್ನ ತಪ್ಪು ಮುಚ್ಚಿಹೋಗ್ತಾವ. ಅಲ್ಲೆ ಯಾರೂ ಮುಚ್ಚೂದಿಲ್ಲ. ಮುಂದಿನ ವಾರನ ಪರೀಕ್ಷೆ ಅದ."

ಮರುದಿನದಿಂದ ನಾನು ಮರದ ಗೊಂಬೆ. ಅವಳು ಚುಕ್ಕಿ ಮರೆತರೆ ವಾಕ್ಯ ಹುಬ್ಬಳ್ಳಿ ಗಾಡಿಯಂತೆ ಎಲ್ಲೂ ನಿಲ್ಲದೆ ಓಡುತ್ತಿತ್ತು. ಫೋನು ಅದನ್ನು ಒಂದೇ ಉಸಿರಿಗೆ ಓದುವಾಗ ನಾನು ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದೆ. ಐದನೆಯ ದಿನಕ್ಕೆ ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ತಾಯಿಗೆ ಹೇಳಿದಳು: "ಅವ್ವಾ ಕಾಮಾ ಅಜ್ಜಿಗೆ ಚಹಾ ಕೊಡು ಫುಲ್‌ಸ್ಟಾಪ್."

ಪರೀಕ್ಷೆ ಪುಣೆಯಲ್ಲೇ, ವಿಮಾನ ನಗರ ಬಡಾವಣೆಯಲ್ಲಿತ್ತು. ನಾನೂ ಅವಳ ತಾಯಿಯೂ ಹೊರಗೆ ಕಾದೆವು. ಹುಡುಗಿ ಮುಖ ಅರಳಿಸಿಕೊಂಡು ಬಂದಳು.

"ಹೆಂಗಾತ? ಟೈಪ್ ಮಾಡಾವರು ಒಂದೆರಡರೆ ತಪ್ಪು ತಿದ್ದಿದರೇನು?" ಎಂದು ನಾನು ಮೆಲ್ಲಗೆ ಕೇಳಿದೆ.

"ಒಂದೂ ಇಲ್ರಿ ಅಜ್ಜಿ. ಈ ಸಲ ತಪ್ಪೆಲ್ಲಾ ನನ್ನವ. ನಿಮಗ ಒಂದೂ ಕೊಡೂದಿಲ್ಲ."