ಅಡುಗೆಮನೆಯಲ್ಲಿ ದೇವರು ಮಾತಾಡಿದ್ದು

ದೇವರು ನನ್ನೊಡನೆ ಮಾತಾಡಿದ. ವೈಟ್‌ಫೀಲ್ಡಿನ ನಮ್ಮ ಅಡುಗೆಮನೆಯಲ್ಲಿ, ಹಾಲು ಕಾಯಿಸುವಾಗ. ನಂಬಬೇಡಿ, ನೋಡೋಣ. ಕೊನೆಯವರೆಗೂ ನಂಬದೆ ಓದಿದರೆ ನೀವು ಗೆದ್ದಿರಿ.

ಮೊದಲು ರಬ್ಬರ್ ಸುಟ್ಟ ವಾಸನೆ. ಎಡಗೈ ತಾನಾಗಿ ತಿರುಚಿಕೊಂಡಿತು. ಕಣ್ಣು ಕತ್ತಲಿಟ್ಟಿತು. ಆ ಕತ್ತಲೆಯಲ್ಲಿ ಗಂಡೋ ಹೆಣ್ಣೋ ತಿಳಿಯದ, ಎಲ್ಲ ಕಡೆಯಿಂದ ಮೊಳಗುವ ಒಂದು ಧ್ವನಿ: "ಹೆದರ್ಬೇಡಿ. ನಾನಿದ್ದೀನಿ."

ಎಚ್ಚರವಾದಾಗ ನೆಲದ ಮೇಲಿದ್ದೆ. ಹೆಂಡತಿ ಸ್ಟೆಲ್ಲಾ ನನ್ನ ಮುಖ ಒರೆಸುತ್ತಿದ್ದಳು.

ನಾನು ಚರ್ಚಿನ ಗಂಟೆಗೆ ಚಿಂದಿ ಸುತ್ತಿ, ಇಡೀ ಸಭೆ ತಡವಾಗಿ ಬರುವಂತೆ ಮಾಡಿದ ಆಸಾಮಿ. ಆದರೂ ಮನೆ ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಾಗ ಯಾರೂ ನಗಲಿಲ್ಲ. ಮುದುಕಿಯರು ಅತ್ತರು. ಪಾಸ್ಟರ್ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದರು. ದೇವರು ಮೋಶೆಗೆ ಸಿಕ್ಕಿದ್ದು ಉರಿಯುವ ಪೊದೆಯಲ್ಲಿ, ನನಗೆ ಗ್ಯಾಸ್ ಸ್ಟವ್‌ನಲ್ಲಿ ಎಂದು ಬೀದಿಯೆಲ್ಲ ಕೊಚ್ಚಿಕೊಂಡೆ. ಜನ ಅದನ್ನೂ ನಂಬಿದರು!

ಮತ್ತೆ ಮತ್ತೆ ಹಾಗೇ ಆಯಿತು. ಮತ್ತೆ ಮತ್ತೆ ಅದೇ ಧ್ವನಿ. ಸ್ಟೆಲ್ಲಾ ಬಲವಂತವಾಗಿ ಆಸ್ಪತ್ರೆಗೆ ಎಳೆದೊಯ್ದಳು. ಎಂಆರ್‌ಐ ಆಯಿತು.

"ಮಿದುಳಲ್ಲಿ ಹಳೇ ಗಾಯದ ಸ್ಕಾರ್ ಇದೆ ಅಂಕಲ್. ಇದು ಫಿಟ್ಸ್," ಎಂದರು ಡಾಕ್ಟರಮ್ಮ. "ಟ್ಯಾಬ್ಲೆಟ್ ತಗೊಂಡ್ರೆ ಹತೋಟಿಗೆ ಬರುತ್ತೆ."

"ಆ ಧ್ವನಿ?"

"ಅದೂ ಹೋಗುತ್ತೆ."

ಮಾತ್ರೆ ಮುಟ್ಟಲಿಲ್ಲ. ಆಮೇಲೊಂದು ದಿನ ಬಚ್ಚಲಲ್ಲಿ ಹಾಗೇ ಆಗಿ ಬಿದ್ದು ಹಣೆ ಒಡೆಯಿತು.

ಆವತ್ತು ಧ್ವನಿ ಬರಲಿಲ್ಲ.

ಬ್ಯಾಂಡೇಜಿನ ತಲೆ ಹೊತ್ತು ಪಾಸ್ಟರ್ ಹತ್ತಿರ ಹೋದೆ. "ದೇವ್ರು ಹೇಳ್ಬೇಕಾದ್ದನ್ನೆಲ್ಲ ಕ್ರಿಸ್ತನಲ್ಲಿ ಹೇಳಿ ಆಗಿದೆ ಅಂಕಲ್. ಸತ್ಯವೇದದಲ್ಲಿದೆ. ಅದರ ಮೇಲೆ ಹೊಸ ಪ್ರಕಟಣೆ ಬರಲ್ಲ. ಮಾತ್ರೆ ತಗೊಳ್ಳಿ," ಎಂದರು.

"ಮತ್ತೆ ಅವತ್ತು ಆಮೆನ್ ಅಂದ್ರಲ್ಲ?"

"ಎಲ್ಲಾ ಅಳ್ತಿದ್ರಲ್ಲ ಅಂಕಲ್..."

ಮನೆಗೆ ಬಂದು ಸ್ಟೆಲ್ಲಾಗೆ ಹೇಳಿದೆ: "ಮಾತ್ರೆ ಬೇಡ. ಅವನು ಮತ್ತೆ ಬರ್ತಾನೆ."

"ಬರಲ್ಲ ಕಣ್ರೀ. ಅವತ್ತು ಬಚ್ಚಲಿಗೆ ಚಿಲಕ ಹಾಕ್ಕೊಂಡಿದ್ರಿ. ನಾನು ಹೊರಗೆ ಬಾಗಿಲು ಬಡೀತಿದ್ದೆ. ಬೇರೆ ಸಲವೆಲ್ಲ ನಿಮ್ಮ ತಲೆ ತೊಡೆ ಮೇಲಿಟ್ಕೊಂಡು ನಾನೇ ಹೇಳ್ತಿದ್ದದ್ದು, ಹೆದರ್ಬೇಡಿ ಅಂತ."



"ಸಾಕ್ಷಿ ಹೇಳುವಾಗ ಪಕ್ಕದಲ್ಲೇ ಕೂತಿದ್ಯಲ್ಲೇ! ಆಗ್ಲೇ ಹೇಳ್ಬಾರ್ದಿತ್ತಾ?"

"ಅವತ್ತೊಂದಿನ ಜನ ನಿಮ್ಮನ್ನ ನಂಬಿದ್ರು. ಅದನ್ನ ಹೇಗ್ರೀ ಕಿತ್ಕೊಳ್ಲಿ?"

ಊರನ್ನೇ ಏಮಾರಿಸಿದವನನ್ನು ಎಲ್ಲರೂ ಸೇರಿ ಏಮಾರಿಸಿದ್ದರು. ಪಾಸ್ಟರ್, ಮಿದುಳು, ಹೆಂಡತಿ. ಎಲ್ಲರಿಗಿಂತ ಹೆಚ್ಚಾಗಿ, ಬಚ್ಚಲಲ್ಲೂ ಸುಮ್ಮನಿದ್ದ ಅವನು. ಪ್ರವಾದಿಗಳ ಬಾಯಿಂದ ಮಾತಾಡಿದವನು, ಸಾರಿಗೆ ಉಪ್ಪಿಲ್ಲ ಎಂದು ನಾನು ದಿನವೂ ಬೈಯುವ ಸ್ಟೆಲ್ಲಾಳ ಬಾಯಿಂದಲೂ ಮಾತಾಡಿರಬಹುದು. ಇರಬಹುದು. ಹಾಗಿದ್ದರೆ ನನಗೊಂದು ಸುಳಿವು ಕೊಡಬಹುದಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಎರಡು ಹೊತ್ತೂ ಮಾತ್ರೆ. ಫಿಟ್ಸ್ ಬಂದಿಲ್ಲ. ತಲೆಯೊಳಗೆ ಬಿಕೋ ಎನ್ನುತ್ತದೆ. ಮೊದಲ ಮಾತ್ರೆ ನುಂಗಿದ ದಿನ ಸ್ಟೆಲ್ಲಾಳ ಕೈ ಹಿಡಿದು, "ಥ್ಯಾಂಕ್ಸ್ ಕಣೇ" ಅಂದೆ.

ಇಷ್ಟು ಹೇಳಿದ್ದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ. ಥ್ಯಾಂಕ್ಸ್ ಹೇಳಿಲ್ಲ. ಕೈ ಹಿಡಿದದ್ದು ನಿಜ.