ಒಲೆಯ ಮೇಲೆ ಒಣಗಿಸಿದ ರೀಲು

ಮಾವನ ಮೂಕಿ ಚಿತ್ರದ ರೀಲನ್ನು ಹಾಳು ಮಾಡಿದವಳು ನಾನು; ಅಪವಾದ ಹೊತ್ತದ್ದು ಅತ್ತೆ. ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಿರಬಹುದು — ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಆಷಾಢವೋ ಶ್ರಾವಣವೋ. ಇಷ್ಟು ಮಾತ್ರ ತಪ್ಪಿಲ್ಲ.

ಬೈಂದೂರಿನ ಸೋದರಮಾವ ಮುಂಬಯಿಯ ಹೋಟೆಲು ಬಿಟ್ಟು ಬರುವಾಗ ಒಂದು ಪ್ರೊಜೆಕ್ಟರ್, ಒಂದಷ್ಟು ಕಿರು ಹಾಸ್ಯಚಿತ್ರಗಳನ್ನು ತಂದಿದ್ದರು — ಎಲ್ಲ ಗುಜರಿಯಲ್ಲಿ ಹುಡುಕಿದವು. ಹೆಸರಾದ ನಟರವು ಅವರಿಗೆ ಬೇಡ. "ಅವ್ರನ್ನ ಕಾಂಬುಕೆ ಲೋಕ ಇತ್ತ್, ಇವ್ರಿಗೆ ನಾವೇ" ಎನ್ನುತ್ತಿದ್ದರು. ಒಂದರಲ್ಲಿ ತೆಳ್ಳನೆಯ ಒಬ್ಬ, ತಾನೇ ಬಣ್ಣ ಬಳಿದ ಕುರ್ಚಿಯಲ್ಲಿ ಕೂತು, ಅದು ಅಂಟಿಕೊಂಡದ್ದು ತಿಳಿಯದೆ ಹೆಣ್ಣು ನೋಡಲು ಹೋಗುತ್ತಾನೆ. ಅವನ ಹೆಸರಾಗಲಿ ಆ ಚಿತ್ರದ ಇನ್ನೊಂದು ಪ್ರತಿಯಾಗಲಿ ಮಾವನಿಗೆ ಎಲ್ಲೂ ಸಿಕ್ಕಿರಲಿಲ್ಲ. ಮೂಕಿಗೆ ಮಾತು ಅತ್ತೆಯದು: "ಹ್ವಾಯ್, ಹಿಂದ್ ಕಾಣಿ ಮಾರಾಯ್ರೆ! ಕೂಕಂಬುಕೆ ಕುರ್ಚಿ ಮನಿಯಿಂದ್ಲೇ ತಂದ್ರಾ?" ನಾವು ನಗುತ್ತಿದ್ದದ್ದು ಅವನಿಗೋ ಅತ್ತೆಗೋ — ಈಗ ಬೇರ್ಪಡಿಸಲಾರೆ.

ಅವನು ಕುರ್ಚಿ ಸಮೇತ ಏಳುವ ಗಳಿಗೆಯನ್ನು ಒಂದೊಂದೇ ಚಿತ್ರವಾಗಿ ಬೆಳಕಿಗೆ ಹಿಡಿದು ನೋಡುವ ಆಸೆಯಿಂದ ಆ ರೀಲನ್ನು ಹೇಳದೆ ಬ್ರಹ್ಮಾವರದ ನಮ್ಮ ಮನೆಗೆ ಒಯ್ದೆ. ಬಸ್ಸಿನಲ್ಲಿ ಚೀಲ ನೆನೆಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಒದ್ದೆಯಾದದ್ದೆಲ್ಲ ಹೋಗುವ ಜಾಗ ಒಂದೇ — ಒಲೆಯ ಮೇಲಿನ ಅಟ್ಟ. ಕೊಬ್ಬರಿಯ ಪಕ್ಕ ಅದನ್ನೂ ಇಟ್ಟೆ. ಇಳಿಸುವಾಗ ಹಪ್ಪಳದಂತೆ ಸೊಟ್ಟಗಾಗಿತ್ತು. ಮುಂದಿನ ಸಲ ಬೈಂದೂರಿಗೆ ಹೋದಾಗ ಸದ್ದಿಲ್ಲದೆ ಡಬ್ಬಿಗೆ ಸೇರಿಸಿದೆ.

ಮಾವ ಡಬ್ಬಿ ತೆರೆದರು. "ಇದ್ ಹೀಂಗ್ ಎಂತಕಾಯ್ತ್?" ಎಂದದ್ದು ಗೋಡೆಗೆ ಎಂಬಂತೆ. ಯಾರು ಮಾಡಿದ್ದೆಂದು ಅವರು ಕೇಳಿದರೇ? ಇಲ್ಲವೆಂದೇ ನನ್ನ ಅನುಮಾನ — ಕೇಳುವ ಮೊದಲೇ ನಾನು ಹೇಳಿದೆ: "ಅತ್ತೆ ಒಲಿ ಹತ್ರ ಇಟ್ಟಿದ್ರ್, ಮಾವ."

ಅತ್ತೆ ಬಾಗಿಲಲ್ಲೇ ಇದ್ದರು. ಅಲ್ಲ ಎನ್ನಲಿಲ್ಲ. ಮಾವ ಬೈಯಲೂ ಇಲ್ಲ; ರೀಲುಗಳ ಕಪಾಟಿಗೆ ಬೀಗ ಬಂತು, ಅಷ್ಟೆ. ಆಮೇಲೂ ಉಳಿದ ಚಿತ್ರಗಳನ್ನು ಹಾಕುತ್ತಿದ್ದರು, ಅತ್ತೆಗೆ ಮಾತ್ರ ಅಡುಗೆಮನೆಯಲ್ಲಿ ಏನಾದರೂ ಕೆಲಸವಿರುತ್ತಿತ್ತು. ಪರದೆಯ ಮೇಲಿನವರು ಬೀಳುತ್ತಿದ್ದರು, ಏಳುತ್ತಿದ್ದರು — ಪ್ರೊಜೆಕ್ಟರಿನ ಕರಕರ ಬಿಟ್ಟರೆ ಸದ್ದಿಲ್ಲ.

ಮಾವ ತೀರಿಕೊಂಡ ಮೇಲೆ, ತೀರ ತಡವಾಗಿ — ಅವರಿಗೆ ಹೇಳದೆ ಉಳಿದದ್ದಕ್ಕೆ ಕಾರಣ ಹುಡುಕುವುದಿಲ್ಲ — ಅತ್ತೆಗೆ ಎಲ್ಲ ಹೇಳಿದೆ. ಬಂಗುಡೆ ಕೊಯ್ಯುತ್ತಿದ್ದರು. ಕೈ ನಿಲ್ಲಲಿಲ್ಲ. ಕೊನೆಗೆ ಕೇಳಿದೆ: "ಅತ್ತೆ, ಆ ದಿನ ನೀವ್ ಅಲ್ಲ ಅಂದಿದ್ರೆ, ಮಾವ ನಿಮ್ಮನ್ನ ನಂಬ್ತಿರ್ಲಿಲ್ಯಾ?"

ಅವರು ಮೀನು ತೊಳೆಯಲು ಎದ್ದುಹೋದರು.