ಕುದುರೆ ಮೇಲಿನ ಮಾರಾಯ್ತಿ

ಮಗಳು ಹಾಸ್ಟೆಲಿಗೆ ವಾಪಸು ಹೋಗುವ ದಿನ ಟೀವಿಯ ಕೆಳಗೆ ಒಂದು ಚೀಟಿ ಅಂಟಿಸಿ ಹೋದಳು. ತಲೆಬರಹ ‘ಹೊಸಬರಿಗೆ ಸಲಹೆಗಳು’. ಕೆಳಗೆ ಎಂಟು ಸಾಲು, ಎಂಟು ಸಾಲಿಗೆ ಹನ್ನೊಂದು ಕಾಗುಣಿತದ ತಪ್ಪು. ನಾನು ಕನ್ನಡ ಟೀಚರ್. ಮೊದಲು ಕೆಂಪು ಪೆನ್ನು ತಂದು ತಪ್ಪು ತಿದ್ದಿದೆ, ಆಮೇಲೆ ಕೂತು ಓದಿದೆ. ಓದಿದ ಮೇಲೆ ಕಾಗುಣಿತವೇ ವಾಸಿ ಅನ್ನಿಸಿತು.

‘ಯಾರ ಮನೆಯಾದರೂ ಸರಿ, ನುಗ್ಗಿ ಹುಡುಕು. ಕೈಗೆ ಸಿಕ್ಕಿದ್ದನ್ನು ಎತ್ತಿಕೋ. ಎದುರು ಸಿಕ್ಕವರನ್ನೆಲ್ಲ ಮಾತಾಡಿಸು. ಲೋಕ ಉಳಿಸುವ ಕೆಲಸಕ್ಕೆ ಅವಸರ ಮಾಡಬೇಡ. ಕರಡಿ ಕಂಡರೆ ಓಡು.’ ಹೆತ್ತ ತಾಯಿಗೆ ಮಗಳು ಹೇಳುವ ಬುದ್ಧಿಮಾತು ಇವು!

ಅದೊಂದು ವಿಡಿಯೋ ಗೇಮು. ಬಿಳಿಯರ ದೇಶದ ಹಳೇ ಕಾಲದ ರಾಜ್ಯ, ಅದರಲ್ಲಿ ಕಾಡು, ಕೋಟೆ, ಹಳ್ಳಿ, ಸಂತೆ. ಅದರೊಳಗೆ ಕುದುರೆ ಮೇಲೆ ಕೂತ ಒಬ್ಬಳು ಹುಡುಗಿ. ಅವಳನ್ನು ಎಲ್ಲಿಗೆ ಬೇಕಾದರೂ ಓಡಿಸಬಹುದು, ಏನು ಬೇಕಾದರೂ ಮಾಡಿಸಬಹುದು. ಆ ಲೋಕವನ್ನು ನುಂಗಲು ಒಬ್ಬ ರಾಕ್ಷಸ ಬರುತ್ತಿದ್ದಾನಂತೆ. ಹುಡುಗಿಯ ಊರನ್ನು ಅವನ ಕಡೆಯವರು ಸುಟ್ಟಾಗ ಅವಳ ತಾಯಿ ತುಕ್ಕು ಹಿಡಿದ ಒಂದು ಕತ್ತಿ ಕೊಟ್ಟು, ಓಡು ಎಂದು ಹಿಂಬಾಗಿಲಿನಿಂದ ದಬ್ಬುತ್ತಾಳೆ. ಆಟ ಅಲ್ಲಿಂದ ಶುರು.

ಐವತ್ತರ ಹೆಂಗಸಿಗೆ ಈ ಉಸಾಬರಿ ಯಾಕೆ ಬಂತು ಎಂದರೆ, ನನ್ನ ಅತ್ತೆ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಬ್ರಹ್ಮಾವರಕ್ಕೂ ಕುಂದಾಪುರಕ್ಕೂ ನಡುವೆ, ಕೋಟದ ಹತ್ತಿರ ನಮ್ಮ ಮನೆ. ಜನವರಿಯಲ್ಲಿ ಒಂದು ಭಾನುವಾರ ನಾನು ಅಟ್ಟ ಸ್ವಚ್ಛ ಮಾಡಿದೆ. ಮುರಿದ ಕುರ್ಚಿ, ಸುಟ್ಟ ಮೋಟಾರು, ಕಾಲಿಲ್ಲದ ಸ್ಟೂಲು, ಎಲ್ಲವೂ ಅಲ್ಲಿ ಸಂಸಾರ ಹೂಡಿದ್ದವು. ಮೈಕಿನಲ್ಲಿ ಕೂಗುತ್ತ ಗುಜರಿಯವನ ಗಾಡಿ ಬಂತು. ಎಲ್ಲವನ್ನೂ ಹೊರಿಸಿ ಕಳಿಸಿದೆ. ಅದರ ಜೊತೆ ಹಲ್ಲು ಸವೆದ ಒಂದು ಹೆರೆಮಣೆಯೂ ಹೋಯಿತು. ಅತ್ತೆಗೆ ಮಂಡಿನೋವು ಬಂದ ಮೇಲೆ ಅದರ ಮೇಲೆ ಕೂತು ಕಾಯಿ ಹೆರೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮಿಕ್ಸಿ ಇದೆ, ಕಾಯಿ ಚೂರು ಮಾಡಿ ಹಾಕಿದರೆ ಆಯಿತು. ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ, ನಿಜ ಹೇಳಬೇಕೆಂದರೆ ಅನುಮಾನ.

ಅತ್ತೆ ಸಂಜೆ ಏಣಿಯ ಬುಡದಲ್ಲಿ ನಿಂತು ಖಾಲಿ ಅಟ್ಟ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ರಾತ್ರಿ ಊಟದ ಹೊತ್ತಿಗೆ ಸರಿಯಾಗುತ್ತಿತ್ತು. ಇಪ್ಪತ್ತೆರಡು ವರ್ಷ ನಾವು ಸಂಸಾರ ಮಾಡಿದ್ದೇ ಹಾಗೆ. ಈ ಸಲ ಅವರು ಬಾಯಿಗೆ ಬೀಗ ಹಾಕಿದರು. ಹೇಳಬೇಕಾದ್ದನ್ನು ಮಗಳ ಮೂಲಕ ಹೇಳಿಸುತ್ತಿದ್ದರು. ‘ನಿನ್ನ ಅಮ್ಮನತ್ರ ಹೇಳ್, ಸಾರಿಗೆ ಉಪ್ಪ್ ಕಡ್ಮಿ.’ ಮಗಳು ನಡುವೆ ನಿಂತು, ‘ಅಮ್ಮ ಕೇಂಡ್ಲ್ ಅಜ್ಜಿ, ಅವ್ಳಿಗೂ ಕೆಮಿ ಇತ್ತ್’ ಎಂದು ನನ್ನ ಕಿವಿ ತೋರಿಸುತ್ತಿದ್ದಳು. ಅವಳು ಹಾಸ್ಟೆಲಿಗೆ ಹೋದರೆ ಈ ಸೇವೆಯೂ ಬಂದ್. ನನ್ನ ಗಂಡನಿಗೆ ಬ್ರಹ್ಮಾವರದಲ್ಲಿ ಪಂಪ್‌ಸೆಟ್ ಅಂಗಡಿ. ಆ ಬೇಸಿಗೆಯಲ್ಲಿ ಅಂಗಡಿಗೆ ಯಾವತ್ತೂ ಇಲ್ಲದಷ್ಟು ಕೆಲಸ ಬಂತು ಎಂದು ಅವರು ಹೇಳುತ್ತಿದ್ದರು. ನಾನು ನಂಬಲಿಲ್ಲ.

ಏಪ್ರಿಲಿನಲ್ಲಿ ನನಗೆ ರಜೆ. ಮನೆಯಲ್ಲಿ ಇಬ್ಬರು ಹೆಂಗಸರು, ಒಂದು ಮಾತಿಲ್ಲ. ಊಟ ಆದ ಮೇಲೆ ಫ್ಯಾನು ಇರುವ ಚಾವಡಿಯಲ್ಲೇ ಇಬ್ಬರೂ ಕೂರಬೇಕು. ಒಂದು ಮಧ್ಯಾಹ್ನ ತಡೆಯಲಾರದೆ ಮಗಳ ಆಟ ಹಚ್ಚಿದೆ. ಅತ್ತೆ ಗೋಡೆಗೆ ಒರಗಿ ಹರಿವೆ ಸೊಪ್ಪು ಬಿಡಿಸುತ್ತ, ಟೀವಿ ನೋಡದವರ ಹಾಗೆ ನೋಡುತ್ತಿದ್ದರು.

ಮೊದಲ ದಿನ ಹುಡುಗಿ ಆರು ಸಲ ಸತ್ತಳು. ಎರಡು ಸಲ ಬಂಡೆಯಿಂದ ಬಿದ್ದು, ಒಂದು ಸಲ ನೀರಿನಲ್ಲಿ ಮುಳುಗಿ, ಉಳಿದ ಮೂರು ಸಲ ಒಂದೇ ಕರಡಿಯ ಕೈಯಲ್ಲಿ. ಏಳನೇ ಸಲ ಅವಳು ಕಾಡಿನಲ್ಲಿ ಗೆಡ್ಡೆ ಕೀಳುತ್ತಿದ್ದಾಗ ಹಿಂದಿನಿಂದ ದನಿ ಬಂತು.

‘ಏ ಮಾರಾಯ್ತಿ, ಹಿಂದ್ ಕಾಣ್! ತೋಳ ಬಂತ್!’

ತಿರುಗಿಸಿದೆ. ತೋಳ ಬಂದಿತ್ತು. ಹೊಡೆದೆ, ಸತ್ತಿತು. ಖುಷಿಯಿಂದ ಅತ್ತೆಯ ಕಡೆ ನೋಡಿದರೆ ಅವರು ಹರಿವೆ ದಂಟಿನ ನಾರು ತೆಗೆಯುವುದರಲ್ಲಿ ಮಗ್ನ. ಮಾತು ನನಗಲ್ಲ, ಟೀವಿಯೊಳಗಿನ ಹುಡುಗಿಗೆ. ಇಪ್ಪತ್ತೆರಡು ವರ್ಷದಿಂದ ಈ ಮನೆಯಲ್ಲಿ ‘ಮಾರಾಯ್ತಿ’ ಎಂದರೆ ನಾನು. ಅದೊಂದು ಕರೆ ಕೇಳದೆ ಮೂರು ತಿಂಗಳಾಗಿತ್ತು. ಈಗ ನೋಡಿದರೆ ಯಾವಳೋ ಕುದುರೆ ಸವಾರಿಯವಳಿಗೆ ಅದು ಹೋಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು.

ಅಲ್ಲಿಂದ ಮುಂದೆ ಅತ್ತೆಗೆ ದಿನವೂ ಮಧ್ಯಾಹ್ನ ಕೆಲಸ ಸಿಕ್ಕಿತು. ಸಲಹೆಯಂತೆ ಹುಡುಗಿಯನ್ನು ಒಬ್ಬ ರೈತನ ಮನೆಗೆ ನುಗ್ಗಿಸಿದೆ. ‘ಬೂಟ್ಸ್ ಹಾಕಂಡ್ ಒಳ್ಗ್ ಹೋಪ್ದಾ? ಅಬ್ಬಿ ಎಂತದೂ ಕಲಿಸ್ಲಿಲ್ಯಾ ನಿಂಗೆ?’ ನಮ್ಮ ಕಡೆ ತಾಯಿಗೆ ಅಬ್ಬಿ ಎನ್ನುತ್ತಾರೆ. ಪೀಪಾಯಿ ತೆರೆದು ಎರಡು ಸೇಬು ತೆಗೆದುಕೊಂಡರೆ, ‘ಕೇಣದೆ ಎತ್ತುಕಾಗ’ ಎಂದರು, ಕೇಳದೆ ಎತ್ತಬಾರದಂತೆ. ಆ ಮಾತು ಯಾರಿಗೆ ತಾಗಬೇಕಿತ್ತೋ ಅವಳಿಗೆ ತಾಗಿತು. ಮನೆಯ ರೈತ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ. ಬಿಸಿಲಲ್ಲಿ ಬಂದವಳಿಗೆ ಒಂದು ಲೋಟ ಬೆಲ್ಲ ನೀರೂ ಕೊಡದ ಇವರದೆಂಥ ರಾಜ್ಯ ಎಂದು ಅತ್ತೆ ಅವನಿಗೂ ಬೈದರು.

ಎಲ್ಲರನ್ನೂ ಮಾತಾಡಿಸು ಎಂಬ ಸಲಹೆಯನ್ನು ಮಾತ್ರ ಅವರು ಪೂರ್ತಿ ಒಪ್ಪಿದರು. ನಮ್ಮೂರಿನವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಮನೆ, ಮನೆತನ, ಮಗಳ ಮದುವೆ, ಎಲ್ಲ ಪಕ್ಕದೂರು ಸಾಲಿಗ್ರಾಮ ದಾಟುವುದರೊಳಗೆ ಗೊತ್ತಾಗಿರುತ್ತದೆ. ಒಬ್ಬ ಮುದುಕಿ ತನ್ನ ಆಡು ಕಳೆದಿದೆ ಎಂದಳು, ಮತ್ತೊಬ್ಬ ಔಷಧಿಗೆ ಬೇರು ತರಲು ಹೇಳಿದ. ರಾಕ್ಷಸ ದಾರಿ ಕಾಯುತ್ತಿದ್ದ, ನಾವು ಹತ್ತು ದಿನ ಆಡು ಹುಡುಕಿದೆವು.

ನಿಧಾನವಾಗಿ ಮನೆಯ ವ್ಯವಹಾರವೂ ಹುಡುಗಿಯ ಮೂಲಕವೇ ಸಾಗಿತು. ‘ಮಾರಾಯ್ತಿ, ಹಾಲ್ ಉಕ್ಕಿತ್ತ್ ಕಾಣ್’ ಎಂದು ಅತ್ತೆ ಟೀವಿಗೆ ಹೇಳುವರು, ನಾನು ಎದ್ದು ಒಲೆ ಆರಿಸುವೆ. ‘ಮಂಡಿಗೆ ಎಣ್ಣೆ ಹಚ್ಚಿಯಾಯ್ತಾ ಕೇಣೇ’ ಎಂದು ನಾನು ಟೀವಿಗೆ ಹೇಳುವೆ, ‘ಆಯ್ತ್ ಅಂದ್ ಹೇಳ್’ ಎಂದು ಅವರು. ಹುಡುಗಿ ಪಾಪ, ಕುದುರೆ ಮೇಲೆ ಕೂತು ಎರಡೂ ಕಡೆಯವರ ಮಾತು ಕೇಳುವಳು.

ಚೀಟಿಯ ಆರನೇ ಸಾಲಿನಲ್ಲಿ ಎಡವಟ್ಟಾಯಿತು. ‘ಭಾರ ಹೆಚ್ಚಾದರೆ ಓಡಲು ಆಗುವುದಿಲ್ಲ. ಬೇಡದ್ದನ್ನು ಮಾರು. ಮೊದಲಿನ ತುಕ್ಕು ಕತ್ತಿ ಯಾವ ಕೆಲಸಕ್ಕೂ ಬಾರದು.’ ಹುಡುಗಿಯ ಚೀಲದಲ್ಲಿ ಗೆಡ್ಡೆ, ಚರ್ಮ, ಸೇಬು, ನಾಲ್ಕು ಈಟಿ ತುಂಬಿ ಅವಳು ಕಾಲೆಳೆಯುತ್ತಿದ್ದಳು. ಸಂತೆಯಲ್ಲಿ ಒಬ್ಬ ವ್ಯಾಪಾರಿ ಸಿಕ್ಕಿದ. ಆ ಕತ್ತಿಯನ್ನೇ ಮೊದಲು ಮಾರಿದೆ.

ಅತ್ತೆಯ ಕೈಯಿಂದ ಸೊಪ್ಪು ಕೆಳಗೆ ಬಿತ್ತು.

‘ಅದ್ ಅಬ್ಬಿ ಕೊಟ್ಟದ್ದಲ್ದಾ? ಮನಿ ಹೊತ್ತಿ ಉರಿಯೂಕಾರೂ ಅದನ್ನ್ ಹುಡ್ಕಿ ಕೈಯಗ್ ಕೊಟ್ಳ್. ಯಾರೋ ದಾರಿ ಮೇಲಿನವ್ನಿಗೆ ಕೊಟ್ಯಾ ಮಾರಾಯ್ತಿ?’ ಕೆಳಗೆ ಬಿದ್ದ ಸೊಪ್ಪನ್ನು ಆಚೆ ಸರಿಸಿದರು. ‘ನಿಂಗೆ ಕತ್ತಿ ಕೊಟ್ಳ್. ನನ್ನ್ ಅಬ್ಬಿ ಹತ್ರ ಎಂತದೂ ಇರ್ಲಿಲ್ಲ, ದಿನಾ ಕೂಕಂಬ ಹೆರಿಮಣಿ ಎತ್ತಿ ಕೊಟ್ಳ್. ನಾವುಂದದ ಅಬ್ಬಿ ಮನಿಯಿಂದ ಇಲ್ಲಿವರೆಗೆ ಮಡ್ಲಂಗೆ ಇಟ್ಕಂಡ್ ಬಂದಿದ್ದೆ.’

ಗೋಡೆ ಹಿಡಿದು ಎದ್ದು ಒಳಗೆ ಹೋದರು. ನಾನು ಕಂಟ್ರೋಲರ್ ಹಿಡಿದು ಕೂತೇ ಇದ್ದೆ. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅದು ಎಲ್ಲಿಂದ ಬಂತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಡು ಕಳೆದ ಮುದುಕಿಯ ಮನೆತನವೆಲ್ಲ ನನಗೆ ಬಾಯಿಪಾಠ.

ಅಳುತ್ತಲೇ ಮಗಳಿಗೆ ಫೋನು ಮಾಡಿದೆ. ‘ಅಷ್ಟಕ್ಕೆಲ್ಲ ಎಂತಕ್ಕೆ ಮರ್ಕುದಮ್ಮ? ಕಡೇ ಸಾಲ್ ಓದ್’ ಎಂದಳು. ಓದಿದೆ. ‘ತಪ್ಪಿ ಮಾರಿದರೆ ಅದೇ ವ್ಯಾಪಾರಿಯ ಹತ್ತಿರ ಹೋಗು. ಸ್ವಲ್ಪ ದಿನ ಇಟ್ಟಿರುತ್ತಾನೆ.’ ಹೋದೆ. ಇಟ್ಟಿದ್ದ. ಚಹಾ ಹೊತ್ತಿಗೆ ಅತ್ತೆ ಹೊರಗೆ ಬಂದಾಗ ಹುಡುಗಿಯ ಸೊಂಟದಲ್ಲಿ ತುಕ್ಕು ಕತ್ತಿ ಇತ್ತು. ಅವರು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದರು.

‘ಕೊಂಡವ್ನತ್ರ ಇನ್ನೂ ಇದ್ದಿತ್ತಾ?’ ಎಂದು ಅವಳನ್ನು ಕೇಳಿದರು. ಬಹಳ ಮೆಲ್ಲಗೆ ಕೇಳಿದರು.

ಮರುದಿನ ಬೆಳಿಗ್ಗೆ ನಾನು ಕುಂದಾಪುರದ ಬಸ್ಸು ಹತ್ತಿದೆ. ಗುಜರಿಯವನ ಶೆಡ್ಡು ಗಂಗೊಳ್ಳಿಗೆ ಹೋಗುವ ರಸ್ತೆಯಲ್ಲಿದೆ ಎಂದು ನೆರೆಮನೆಯವರು ಹೇಳಿದ್ದರು. ಬೋಟಿನ ಎಂಜಿನು, ಸರಪಳಿ, ಫ್ರಿಜ್ಜಿನ ಬಾಗಿಲು ದಾಟಿ ಒಳಗೆ ಹೋದರೆ ಅವನು ಬಾಕ್ಸಿನಿಂದ ಅನ್ನ ಉಣ್ಣುತ್ತಿದ್ದ.

‘ಜನವರಿದಾ ಅಕ್ಕಾ? ಕಬ್ಣ ಲಾರಿ ಹತ್ತಿ ಹೋಯ್ತ್, ಈಗ ಎಲ್ಲಿ ಕರಗಿತ್ತೋ. ಮರದ್ದ್ ಒಲಿಗಾಯ್ತ್’ ಎಂದ. ನನ್ನ ಮುಖ ನೋಡಿ ಅನ್ನದ ಕೈಯಿಂದಲೇ ಒಂದು ಮೂಲೆ ತೋರಿಸಿದ. ‘ಹೆರಿಮಣಿ ಬೇಕಾರೆ ಅಲ್ಲಿ ಒಂದಿತ್ತ್ ಕಾಣಿ.’

ಇತ್ತು. ಅದೇ ಅಳತೆ, ಅಷ್ಟೇ ಹಳತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ನನ್ನ ತಲೆ ಆಟದ ದಾರಿಯಲ್ಲೇ ಓಡಿತು. ಅಲ್ಲಿ ಯಾರ ಜೊತೆ ಮಾತಾಡಬೇಕಾದರೂ ಮೂರು ಉತ್ತರ ಕೊಡುತ್ತಾರೆ, ಒಂದನ್ನು ಆರಿಸಬೇಕು. ಒಂದು: ನಿಮ್ಮದೇ ಅತ್ತೆ, ಸಿಕ್ಕಿತು. ಎರಡು: ಏನೂ ಹೇಳದೆ ಅಟ್ಟದಲ್ಲಿ ಇಟ್ಟುಬಿಡುವುದು. ಮೂರನೆಯದನ್ನು ನಾನು ಓದಲು ಹೋಗಲಿಲ್ಲ. ‘ಮಾತಿಗೆ ಮುಂಚೆ ಸೇವ್ ಮಾಡು’ ಎಂದು ಮಗಳು ಬರೆದಿದ್ದಳು. ಸೇವ್ ಮಾಡಿಟ್ಟರೆ ಆಟದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೂ ಹಿಂದೆ ಹೋಗಿ ಮತ್ತೆ ಹೇಳಬಹುದು. ಕೋಟದಲ್ಲಿ ಇಳಿದಾಗ ಸುಳ್ಳೇ ಗಟ್ಟಿಯಾಗಿತ್ತು. ಬಚ್ಚಲಲ್ಲಿ ಅದಕ್ಕೆ ಕೊಬ್ಬರಿ ಎಣ್ಣೆ, ಒಲೆಯ ಮಸಿ ಹಚ್ಚಿ ನಮ್ಮ ಮನೆಯ ಬಣ್ಣಕ್ಕೂ ತಂದೆ.

ಚಾವಡಿಯಲ್ಲಿ ಅತ್ತೆಯ ಮುಂದೆ ಇಟ್ಟೆ. ‘ಸಿಕ್ಕಿತ್ತ್’ ಎಂದೆ.

ಅವರು ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಮಗುಚಿ ಅಡಿಭಾಗ ಮುಟ್ಟಿದರು. ಬೆರಳಿಗೆ ಹತ್ತಿದ ಮಸಿ ನೋಡಿದರು. ಮತ್ತೆ ನೆಟ್ಟಗೆ ಇಟ್ಟರು.

‘ಇದ್ ನಂದಲ್ಲ’ ಎಂದರು. ನೋಟ ಹೆರೆಮಣೆಯ ಮೇಲೇ ಇತ್ತು.

ಸೇವ್ ಮಾಡಿರಲಿಲ್ಲ. ‘ಅಲ್ಲ ಅತ್ತೆ’ ಎಂದೆ. ‘ನಿಮ್ದ್ ಸಿಕ್ಲಿಲ್ಲ. ಕರ್ಗಿ ಹೋಯ್ತಂಬ್ರ್. ಕೇಣದೆ ಕೊಟ್ಟದ್ದ್ ನಂದೇ ತಪ್ಪ್. ಯಾರ್ ಕೊಟ್ಟದ್ದ್ ಅಂತ ಒಂದ್ ದಿನವೂ ಕೇಣ್ಲಿಲ್ಲ ನಾನ್.’ ಮೂರು ತಿಂಗಳ ಮೇಲೆ ಅವರಿಗೆ ನೇರವಾಗಿ ಆಡಿದ ಮಾತು ಅದು, ಆಡುವಾಗ ಅಳುತ್ತಿದ್ದೆ.

ಅತ್ತೆ ಸೆರಗಿನ ತುದಿಯಿಂದ ಮಣೆಯ ಮಸಿ ಒರೆಸಿದರು. ಒಂದು ಕಡೆ ಪೂರ್ತಿ ಒರೆಸಿ, ತಿರುಗಿಸಿ ಇನ್ನೊಂದು ಕಡೆಯೂ ಒರೆಸಿದರು.

‘ಎಂತ ಕಾಣ್ತಾ ನಿಂತದ್ ಮಾರಾಯ್ತಿ? ಒಂದ್ ಕಾಯಿ ಒಡ್ದ್ ತಕಂಡ್ ಬಾ.’

ನಾನು ಅಭ್ಯಾಸದಿಂದ ಟೀವಿಯ ಕಡೆ ತಿರುಗಿದೆ. ಟೀವಿ ಆಫ್ ಆಗಿತ್ತು.